ಮುಂದಿನ ಬ್ರೇಕಿನ ಭಯ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಗಾಡಿ ಕಲಿಸುವವರು ಮೊದಲು ಹೇಳುವ ಮಾತು ಒಂದೇ: "ಮುಂದಿನ ಬ್ರೇಕ್ ಹಿಡೀಬ್ಯಾಡ ತಮ್ಮಾ, ಬೀಳ್ತಿ." ಕಲಿಸುವವನು ಅಣ್ಣನಿರಲಿ, ಕಾಕಾ ಇರಲಿ, ಗ್ಯಾರೇಜಿನ ಮಿಸ್ತ್ರಿಯೇ ಇರಲಿ, ಪಾಠ ಬದಲಾಗುವುದಿಲ್ಲ. ಹೀಗೆ ಕಲಿತವರು ಮುಂದೆ ಎಷ್ಟು ವರ್ಷ ಗಾಡಿ ಹೊಡೆದರೂ ಬಲಗಾಲನ್ನೇ ನಂಬುತ್ತಾರೆ. ಗ್ಯಾರೇಜಿಗೆ ಬಂದ ಗಾಡಿಗಳನ್ನು ನೋಡಿ: ಹಿಂದಿನ ಬ್ರೇಕ್ ಸವೆದು ಸವೆದು ಕಿರ್ರೆನ್ನುತ್ತಿರುತ್ತದೆ, ಮುಂದಿನದು ಷೋರೂಮಿನಿಂದ ಬಂದ ದಿನದಂತೆಯೇ ಇರುತ್ತದೆ.

ಈ ಭಯವನ್ನು ಹಳ್ಳಿಯವರ ಅಜ್ಞಾನ ಎಂದು ನಕ್ಕು ಬಿಡುವ ಹಾಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳು ಇದೇ ಭಯದ ಜೊತೆ ದಶಕಗಳ ಕಾಲ ಗುದ್ದಾಡಿದ್ದಾರೆ. ಇವತ್ತು ಸ್ಪೋರ್ಟ್ಸ್ ಬೈಕಿನ ಕರಪತ್ರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ 'ಡ್ಯುಯಲ್ ಚಾನೆಲ್ ಎಬಿಎಸ್' ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದಲ್ಲ, ಅದು ಆ ಗುದ್ದಾಟದ ಫಲ: ಬ್ರೇಕನ್ನು ಗಟ್ಟಿಯಾಗಿ ಹಿಡಿದರೂ ಎರಡೂ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ.

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಆಡುವ ಹೊತ್ತಿನಲ್ಲಿ ಅಕ್ಕನ ಮಗ ನನ್ನ ಹತ್ತಿರ ಬಂದಿದ್ದ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ, ದಿನಾ ಆಳಂದದಿಂದ ಓಡಾಟ. ಹಳೆಯ 150 ಸಿಸಿ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಸ್ಪೋರ್ಟ್ಸ್ ಬೈಕ್ ತಗೊಳ್ಳುವ ಹುರುಪು. ಮೊಬೈಲಿನಲ್ಲಿ ಒಂದು ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದ: ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ, ಟಾಪ್ ಸ್ಪೀಡ್ ಎಷ್ಟು, ಬಣ್ಣ ಯಾವುದು, ಸೈಲೆನ್ಸರಿನ ಸದ್ದು ಹೇಗೆ.

"ಬ್ರೇಕ್ ಹೆಂಗದ?" ಎಂದೆ.

"ಡಿಸ್ಕ್ ಅದ ಮಾಮಾ. ಎರಡೂ ಕಡೆ ಡಿಸ್ಕ್."

"ಎಬಿಎಸ್ ಒಂದ ಗಾಲಿಗೋ, ಎರಡಕ್ಕೂನೋ?"

ಅದು ಅವನ ಪಟ್ಟಿಯಲ್ಲಿರಲಿಲ್ಲ. ಅವನೊಬ್ಬನದೇ ಅಲ್ಲ, ಬಹುತೇಕರ ಪಟ್ಟಿಯಲ್ಲಿ ಇರುವುದಿಲ್ಲ. ಓಡುವುದರ ಲೆಕ್ಕವನ್ನು ಕಂಪನಿಯವರು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ, ನಿಲ್ಲುವುದರ ಲೆಕ್ಕವನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು.

ಬೈಕಿನ ಜಾಹೀರಾತುಗಳನ್ನೆಲ್ಲ ಘಟ್ಟದ ತಿರುವುಗಳಲ್ಲಿ ತೆಗೆದಿರುತ್ತಾರೆ. ನಮ್ಮ ಈ ಮೂರು ತಾಲ್ಲೂಕಿನಲ್ಲಿ ಘಟ್ಟವೂ ಇಲ್ಲ, ಅಂಥ ತಿರುವೂ ಇಲ್ಲ. ತೊಗರಿ ಹೊಲದ ನಡುವೆ ನೆಟ್ಟಗೆ ಹೋಗುವ ರಸ್ತೆ, ಎರಡೂ ಕಡೆ ಎರೆಭೂಮಿ, ಕಣ್ಣು ಹಾಯುವವರೆಗೆ ಬಯಲು. ಇಂಥ ಬಯಲಲ್ಲಿ ವೇಗ ಅರಿವಿಗೆ ಬರುವುದಿಲ್ಲ. 90ರಲ್ಲಿ ಹೋಗುತ್ತಿದ್ದರೂ 50ರಲ್ಲಿ ಹೋದಂತೆ ಅನ್ನಿಸುತ್ತದೆ. ಅಪಾಯ ಬರುವುದು ರಸ್ತೆಯ ಮೇಲೆ ಬಿದ್ದಿರುವುದರಿಂದ. ಮಳೆ ಬಂದ ಮರುದಿನ ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರ್ ತನ್ನ ದೊಡ್ಡ ಗಾಲಿಗಳಿಂದ ಎರೆಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗುತ್ತದೆ. ಮೇಲೆ ನಾಲ್ಕು ಹನಿ ಬಿದ್ದರೆ ಆ ಜಾಗ ಎಣ್ಣೆ ಸುರಿದಂತೆ. ಸುಗ್ಗಿಯಲ್ಲಿ ರಸ್ತೆಯೇ ಕಣ: ಬೆಳೆ ಕೊಯ್ದು ತಂದು ಡಾಂಬರಿನ ಮೇಲೆ ಹರಡಿ, ಹೋಗಿಬರುವ ಲಾರಿ ಬಸ್ಸುಗಳಿಂದ ತುಳಿಸುತ್ತಾರೆ. ಅಡಿಯಲ್ಲಿ ಕಾಳು ಉರುಳುತ್ತಿರುತ್ತದೆ, ಮೇಲೆ ಹೊಟ್ಟು ಜಾರುತ್ತಿರುತ್ತದೆ. ಚಳಿಗಾಲ ಬಂತೆಂದರೆ ಅಫಜಲಪುರ ತಾಲ್ಲೂಕಿನ ಹವಳಗಾ ಕಡೆಗೆ, ಆಳಂದ ತಾಲ್ಲೂಕಿನ ಭೂಸನೂರು ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರಾಲಿ ಕಟ್ಟಿರುತ್ತಾರೆ, ಹಿಂದೆ ದೀಪವಿರುವುದಿಲ್ಲ. ರಾತ್ರಿ ಹೆಡ್‌ಲೈಟಿನ ಬೆಳಕಿಗೆ ಕಬ್ಬಿನ ಸೋಗೆ ಕಾಣುವಷ್ಟರಲ್ಲಿ ತೀರಾ ಹತ್ತಿರ ಬಂದಿರುತ್ತೀರಿ. ಹುಣ್ಣಿಮೆಯ ದಿನ ದೇವಲ ಗಾಣಗಾಪುರದ ದಾರಿಯಲ್ಲಿ ಜನವೋ ಜನ. ಇನ್ನು ಊರ ಬಾಯಲ್ಲಿ ಯಾರೋ ಹೇಳದೆ ಕೇಳದೆ ಹಾಕಿದ ಉಬ್ಬುಗಳ ಮಾತು ಬೇರೆ.

ಇಲ್ಲೆಲ್ಲ ನಡೆಯುವುದು ಒಂದೇ: ಗಾಬರಿಯಲ್ಲಿ ಬ್ರೇಕ್ ಒತ್ತುವುದು. ಒತ್ತಿದಾಗ ಗಾಡಿಯ ತೂಕವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಗಾಲಿ ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ, ಹಿಂದಿನದು ಹಗುರವಾಗುತ್ತದೆ. ಆದ್ದರಿಂದ ಗಾಡಿಯನ್ನು ನಿಜವಾಗಿ ನಿಲ್ಲಿಸುವ ತಾಕತ್ತು ಇರುವುದು ಮುಂದಿನ ಬ್ರೇಕಿಗೆ. ಆದರೆ ಗಾಲಿ ಉರುಳುತ್ತಿರುವವರೆಗೆ ಮಾತ್ರ ಟೈರಿಗೆ ಹಿಡಿತ. ಉರುಳುವುದು ನಿಂತು ಗಾಲಿ ಲಾಕ್ ಆಯಿತೋ, ಅದು ಉಜ್ಜಿಕೊಂಡು ಹೋಗುವ ರಬ್ಬರ್ ತುಂಡು ಅಷ್ಟೆ. ಕಾರಿನ ಗಾಲಿ ಲಾಕಾದರೆ ಕಾರು ಜಾರುತ್ತದೆ. ಬೈಕಿನ ಮುಂದಿನ ಗಾಲಿ ಲಾಕಾದರೆ ಸವಾರನಿಗೆ ಗೊತ್ತಾಗುವ ಮೊದಲೇ ಬೈಕು ಮಲಗಿರುತ್ತದೆ. ಹಿಂದಿನ ಗಾಲಿ ಲಾಕಾದರೆ ಬಾಲ ಅಲ್ಲಾಡಿಸಿದರೂ ಬಹಳ ಸಲ ಸಾವರಿಸಿಕೊಳ್ಳಬಹುದು. ನಮ್ಮ ಕಾಕಾಗಳು ಪೆಟ್ಟು ತಿಂದು ಕಲಿತ ಪಾಠ ಇದು, ಅದರಲ್ಲಿ ಸುಳ್ಳಿಲ್ಲ. ಆದರೆ ಅದಕ್ಕೆ ತೆರುವ ದಂಡ ದೊಡ್ಡದು. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಒಣ ರಸ್ತೆಯಲ್ಲೂ ನಿಲ್ಲಲು ಹೆಚ್ಚೂಕಡಿಮೆ ದುಪ್ಪಟ್ಟು ಜಾಗ ಬೇಕು. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಟ್ರಾಲಿ ಅಷ್ಟು ದೂರದಲ್ಲಿ ಕಾದು ನಿಂತಿರುವುದಿಲ್ಲ.

ಲಾಕ್ ಆಗದ ಬ್ರೇಕ್ ಬೇಕೆಂದು ಮೊದಲು ಹಠ ಹಿಡಿದವರು ಬೈಕಿನವರಲ್ಲ, ವಿಮಾನದವರು. ವಿಮಾನ ನೆಲಕ್ಕೆ ಇಳಿದು ಬ್ರೇಕ್ ಹಾಕಿದಾಗ ಎಲ್ಲೋ ಕೆಳಗಿರುವ ಗಾಲಿ ಲಾಕಾಯಿತೇ ಇಲ್ಲವೇ ಎಂಬುದು ಮೇಲೆ ಕುಳಿತ ಪೈಲಟ್‌ಗೆ ತಿಳಿಯುವ ದಾರಿಯೇ ಇಲ್ಲ. ಲಾಕಾದರೆ ಟೈರು ಕ್ಷಣಾರ್ಧದಲ್ಲಿ ಸವೆದು ಒಡೆಯುತ್ತದೆ. 1920ರ ದಶಕದಲ್ಲೇ ಫ್ರಾನ್ಸಿನ ವಿಮಾನ ತಯಾರಕ ಗೇಬ್ರಿಯಲ್ ವುವಾಜಾನ್ ಇದಕ್ಕೊಂದು ಉಪಾಯ ಹುಡುಕಲು ಹೊರಟಿದ್ದ. ಅದಕ್ಕೆ ಗಟ್ಟಿಯಾದ ರೂಪ ಕೊಟ್ಟದ್ದು ಬ್ರಿಟನ್ನಿನ ಡನ್‌ಲಪ್ ಕಂಪನಿ, 1950ರ ದಶಕದ ಮೊದಲಲ್ಲಿ. ಅದರ ಹೆಸರು ಮ್ಯಾಕ್ಸರೆಟ್.

ಮ್ಯಾಕ್ಸರೆಟ್‌ನಲ್ಲಿ ಎಲೆಕ್ಟ್ರಾನಿಕ್ಸಿನ ಸುಳಿವೂ ಇರಲಿಲ್ಲ. ಗಾಲಿಗೆ ತಾಗಿಕೊಂಡು ತಿರುಗುವ ಒಂದು ಸಣ್ಣ ಡ್ರಮ್ಮು, ಅದರ ಒಳಗೆ ಒಂದು ಭಾರದ ಚಕ್ರ. ಕುಂಬಾರ ಕೋಲು ತೆಗೆದ ಮೇಲೂ ಅವನ ತಿಗರಿ ತಿರುಗುತ್ತಲೇ ಇರುತ್ತದಲ್ಲ, ಆ ಗುಣವನ್ನೇ ಇಲ್ಲಿ ಬಳಸಿಕೊಂಡರು. ಗಾಲಿ ಮೆಲ್ಲಗೆ ನಿಧಾನವಾದರೆ ಒಳಗಿನ ಚಕ್ರವೂ ಜೊತೆಗೆ ನಿಧಾನವಾಗುತ್ತದೆ, ಏನೂ ಆಗುವುದಿಲ್ಲ. ಗಾಲಿ ಇದ್ದಕ್ಕಿದ್ದಂತೆ ಕಚ್ಚಿ ನಿಲ್ಲಲು ಹೋದರೆ ಡ್ರಮ್ಮು ಹಿಂದೆ ಬೀಳುತ್ತದೆ, ಒಳಗಿನ ಚಕ್ರ ತನ್ನ ಓಟದಲ್ಲೇ ಮುಂದಕ್ಕೆ ಹೋಗುತ್ತದೆ. ಈ ಅಂತರ ಒಂದು ವಾಲ್ವನ್ನು ತೆರೆಯುತ್ತದೆ, ಬ್ರೇಕಿನ ಒತ್ತಡ ಇಳಿಯುತ್ತದೆ, ಗಾಲಿ ಮತ್ತೆ ಉರುಳತೊಡಗುತ್ತದೆ, ಆಮೇಲೆ ಬ್ರೇಕ್ ಮತ್ತೆ ಹಿಡಿಯುತ್ತದೆ. ಬ್ರಿಟನ್ನಿನ ಬಾಂಬರ್ ವಿಮಾನಗಳಲ್ಲಿ, ಪ್ರಯಾಣಿಕರ ವಿಮಾನಗಳಲ್ಲಿ ಇದು ಒಳ್ಳೆಯ ಹೆಸರು ಮಾಡಿತು.

ಬೈಕಿನ ಕತೆ ಇಲ್ಲಿಂದ ಶುರುವಾಗುತ್ತದೆ. 1958ರಲ್ಲಿ ಬ್ರಿಟನ್ನಿನ ರೋಡ್ ರಿಸರ್ಚ್ ಲ್ಯಾಬೊರೇಟರಿಯವರು ಈ ವಿಮಾನದ ಸಾಮಾನನ್ನು ತಂದು ಒಂದು ಮೋಟಾರ್ ಸೈಕಲ್ಲಿಗೆ ಕಟ್ಟಿ ಪರೀಕ್ಷೆ ಮಾಡಿದರು. ಆ ಮೋಟಾರ್ ಸೈಕಲ್ ಯಾವುದೆಂದರೆ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್. ಫಲಿತಾಂಶ ಎಂಥವರೂ ಹುಬ್ಬೇರಿಸುವಂತಿತ್ತು: ಗಾಲಿ ಲಾಕಾಗಿ ನಿಲ್ಲುವುದಕ್ಕೆ ಹೋಲಿಸಿದರೆ ಬಹಳಷ್ಟು ಪರೀಕ್ಷೆಗಳಲ್ಲಿ ನಿಲ್ಲುವ ದೂರ ಕಡಿಮೆಯಾಯಿತು. ಜಾರುವ ನೆಲದಲ್ಲಂತೂ ಉಳಿತಾಯ ಶೇಕಡಾ 30ರವರೆಗೆ ಹೋಯಿತು. ಎರೆಮಣ್ಣು ಬಳಿದ ಡಾಂಬರಿನ ಮೇಲೆ ದಿನಾ ಓಡಾಡುವ ನಮಗೆ ಆ ಶೇಕಡಾ 30 ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾಗಿಯೂ ಅದು ಕಾರ್ಖಾನೆಯ ಬಾಗಿಲು ದಾಟಲಿಲ್ಲ. ಎನ್‌ಫೀಲ್ಡ್‌ನ ತಾಂತ್ರಿಕ ಮುಖ್ಯಸ್ಥ ಟೋನಿ ವಿಲ್ಸನ್-ಜೋನ್ಸ್‌ಗೆ ಇದರಲ್ಲಿ ಹೆಚ್ಚಿನ ಭವಿಷ್ಯ ಕಾಣಲಿಲ್ಲ, ವಿಷಯ ಅಲ್ಲಿಗೇ ಮುಗಿಯಿತು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ವಿಮಾನಕ್ಕೆಂದು ಮಾಡಿದ ಯಂತ್ರ ಬೈಕಿನ ಮೈಗೆ ಭಾರ, ಗ್ರಾಹಕನ ಜೇಬಿಗೆ ಇನ್ನೂ ಭಾರ. ಮೇಲಾಗಿ 'ಒಳ್ಳೆಯ ಸವಾರನಿಗೆ ಇದೆಲ್ಲ ಯಾಕೆ' ಎಂಬ ಗತ್ತು ಬೈಕಿನ ಲೋಕದಲ್ಲಿ ಆಗಲೂ ಇತ್ತು, ಈಗಲೂ ಇದೆ. ಒಂದು ವಿಚಿತ್ರ ನೋಡಿ: ರಾಯಲ್ ಎನ್‌ಫೀಲ್ಡ್ ಆಮೇಲೆ ಪೂರ್ತಿಯಾಗಿ ಭಾರತದ ಕಂಪನಿಯಾಯಿತು. ಅದರ ಬುಲೆಟ್ಟುಗಳಿಗೆ ಎಬಿಎಸ್ ಬಂದದ್ದು 2018–19ರಲ್ಲಿ, ಅದೂ ಭಾರತ ಸರ್ಕಾರ ಕಡ್ಡಾಯ ಮಾಡಿದ ಮೇಲೆ. ನಡುವೆ ಕಳೆದದ್ದು 60 ವರ್ಷ.

ಮುಂದಿನ ಹೆಜ್ಜೆ ಇಟ್ಟದ್ದು ಕಾರು. 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಬ್ರಿಟಿಷ್ ಕಾರು ಮ್ಯಾಕ್ಸರೆಟ್ ಹಾಕಿಕೊಂಡು ಮಾರುಕಟ್ಟೆಗೆ ಬಂತು, ಕೊಂಡವರು ಕೆಲವೇ ಮಂದಿ. ಅಷ್ಟರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಟೆಲ್ಡಿಕ್ಸ್ ಎಂಬ ಕಂಪನಿಯಲ್ಲಿ ಭಾರದ ಚಕ್ರದ ಬದಲು ವಿದ್ಯುತ್ ಸಂಕೇತದಿಂದ ಗಾಲಿಯ ವೇಗ ಅಳೆಯುವ ಕೆಲಸ ಶುರುವಾಗಿತ್ತು. ಯೋಚನೆ ಸರಿಯಾಗಿತ್ತು, ಆ ಕಾಲದ ಎಲೆಕ್ಟ್ರಾನಿಕ್ಸ್ ಕೈಕೊಟ್ಟಿತು. ನಿಯಂತ್ರಣ ಪೆಟ್ಟಿಗೆಯಲ್ಲಿ ಸುಮಾರು 1000 ಬಿಡಿಭಾಗ. ಅದರಲ್ಲಿ ಒಂದು ಕೈಕೊಟ್ಟರೂ ಬ್ರೇಕಿನ ಗತಿ ಏನು? ಬಾಷ್ ಕಂಪನಿ ಈ ಕೆಲಸವನ್ನು ಕೈಗೆತ್ತಿಕೊಂಡು, ಡಿಜಿಟಲ್ ಚಿಪ್ ಬಳಸಿ ಆ ಸಂಖ್ಯೆಯನ್ನು 140ಕ್ಕೆ ಇಳಿಸಿತು. 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಅದು ರಸ್ತೆಗಿಳಿಯಿತು. ಎಬಿಎಸ್ ಎಂಬ ಮೂರಕ್ಷರ ಜನರ ಬಾಯಿಗೆ ಬಂದದ್ದು ಆಗ.

ಬೈಕಿಗೆ ಮತ್ತೆ ಹತ್ತು ವರ್ಷ ಬೇಕಾಯಿತು. 1988ರಲ್ಲಿ ಬಿಎಂಡಬ್ಲ್ಯು ಕೆ100 ಮೋಟಾರ್ ಸೈಕಲ್ಲಿಗೆ ಎಲೆಕ್ಟ್ರಾನಿಕ್ ಎಬಿಎಸ್ ಬಂತು, ಮಾರಾಟಕ್ಕೆ ಬಂದ ಬೈಕುಗಳಲ್ಲಿ ಅದೇ ಮೊದಲು. ಆ ವ್ಯವಸ್ಥೆಯ ತೂಕ ಸುಮಾರು 11 ಕೆ.ಜಿ. ದೊಡ್ಡ ಟೂರಿಂಗ್ ಗಾಡಿ ಹೇಗೋ ಅದನ್ನು ಹೊತ್ತುಕೊಂಡಿತು. ಗ್ರಾಂ ಗ್ರಾಂ ಲೆಕ್ಕ ಹಾಕಿ ತೂಕ ಇಳಿಸುವ ಸ್ಪೋರ್ಟ್ಸ್ ಬೈಕಿನವರು ಅದನ್ನು ದೂರವೇ ಇಟ್ಟರು. ಹೋಂಡಾದ ಸಿಬಿಆರ್, ಬಿಎಂಡಬ್ಲ್ಯುವಿನ ಎಸ್1000ಆರ್‌ಆರ್‌ನಂಥ ಅಪ್ಪಟ ಸ್ಪೋರ್ಟ್ಸ್ ಬೈಕುಗಳಿಗೆ ಎಬಿಎಸ್ ಬಂದದ್ದು 2009ರ ಹೊತ್ತಿಗೆ. 2010ರಲ್ಲಿ ಬಾಷ್ ಬೈಕಿಗೆಂದೇ ಮಾಡಿದ ಘಟಕದ ತೂಕ ಒಂದು ಕೆ.ಜಿ.ಗೂ ಕಡಿಮೆ. ನಮ್ಮ 150–200 ಸಿಸಿ ಗಾಡಿಗಳಿಗೆ ಎಬಿಎಸ್ ಬರಲು ದಾರಿಯಾದದ್ದು ಇಂಥ ಪುಟ್ಟ ಘಟಕಗಳಿಂದ.

ಇತ್ತ ನಮ್ಮ ದೇಶದಲ್ಲಿ ಏನಾಗುತ್ತಿತ್ತು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಆ ಕಾಲದ ಹುಡುಗರ ಕನಸಿನ ಗಾಡಿ. ಅದಕ್ಕೆ ಎರಡೂ ಕಡೆ ಡ್ರಮ್ ಬ್ರೇಕು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾದ ಜೊತೆ ಸೇರಿ ರಾಜದೂತ್ 350 ತಂದರು. 347 ಸಿಸಿ, ಎರಡು ಸಿಲಿಂಡರು, ಟೂ-ಸ್ಟ್ರೋಕ್, ಸುಮಾರು 30 ಬಿಎಚ್‌ಪಿ. ಭಾರತದ ರಸ್ತೆಗಳು ಅಂಥದ್ದನ್ನು ಕಂಡಿರಲಿಲ್ಲ. ಆದರೆ ಮೂಲ ಯಮಹಾ ಆರ್‌ಡಿ350ಬಿಯ ಮುಂದಿನ ಗಾಲಿಗಿದ್ದ ಡಿಸ್ಕ್ ಬ್ರೇಕನ್ನು ಇಲ್ಲಿ ತೆಗೆದು ಡ್ರಮ್ ಕೂಡಿಸಿದ್ದರು. ಎಂಜಿನ್ನಿನ ಬಲ ಬಂತು, ಅದನ್ನು ಹಿಡಿದು ನಿಲ್ಲಿಸುವ ಬಲ ಬರಲಿಲ್ಲ. ಹಳೆಯ ಸವಾರರು ಈಗಲೂ ಆ ಗಾಡಿಯ ಓಟವನ್ನು ಹೊಗಳುತ್ತಾರೆ. ಬ್ರೇಕಿನ ಮಾತು ಬಂದರೆ ಸುಮ್ಮನಾಗುತ್ತಾರೆ. 'ಮುಂದಿನ ಬ್ರೇಕ್ ಮುಟ್ಟಬ್ಯಾಡ' ಎಂಬ ಪಾಠ ಬೇರು ಬಿಟ್ಟದ್ದೂ ಈ ಡ್ರಮ್ಮಿನ ಕಾಲದಲ್ಲೇ. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಝಡ್, 2001ರ ಪಲ್ಸರ್, 2008ರ ಯಮಹಾ ಆರ್15, ಇವುಗಳಿಂದ ಮುಂದಿನ ಡಿಸ್ಕ್ ಮನೆಮನೆಯ ಮಾತಾಯಿತು. ಡಿಸ್ಕ್ ಬಂದ ಮೇಲೆ ಭಯ ಕಡಿಮೆಯಾಗಲಿಲ್ಲ, ಹೆಚ್ಚಿತು. ಅದರ ಹಿಡಿತ ಡ್ರಮ್ಮಿಗಿಂತ ಬಿರುಸು, ಗಾಬರಿಯಲ್ಲಿ ಹಿಡಿದರೆ ಗಾಲಿ ಇನ್ನೂ ಬೇಗ ಲಾಕ್.

2011ರಲ್ಲಿ ಟಿವಿಎಸ್ ತನ್ನ ಅಪಾಚೆ ಆರ್‌ಟಿಆರ್ 180ಕ್ಕೆ ಎಬಿಎಸ್ ಹಾಕಿತು. ಭಾರತೀಯ ಕಂಪನಿಯ ಬೈಕಿನಲ್ಲಿ ಅದೇ ಮೊದಲು. ಆದರೆ ಎಬಿಎಸ್ ಇಲ್ಲದ ಅದೇ ಅಪಾಚೆ ಪಕ್ಕದಲ್ಲೇ ಕಡಿಮೆ ಬೆಲೆಗೆ ನಿಂತಿತ್ತು. ಕೊಳ್ಳುವವರು ಯಾವುದರ ಕಡೆ ವಾಲುತ್ತಿದ್ದರೆಂದು ಹೇಳಬೇಕಿಲ್ಲ. 2013ರ ಕೆಟಿಎಂ ಡ್ಯೂಕ್ 390, 2015ರ ಪಲ್ಸರ್ ಆರ್‌ಎಸ್200 ಕೂಡ ಎಬಿಎಸ್ ಜೊತೆ ಬಂದವು. ಕೊನೆಗೆ ಆಯ್ಕೆಯನ್ನೇ ಕಿತ್ತುಕೊಂಡದ್ದು ಕಾನೂನು: 125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ. ಕಾನೂನು ಒಂದು ಕಿಂಡಿಯನ್ನೂ ಬಿಟ್ಟಿತು. ಒಂದೇ ಗಾಲಿಗೆ ಎಬಿಎಸ್ ಇದ್ದರೂ ಸಾಕು. ಅದೇ ಸಿಂಗಲ್ ಚಾನೆಲ್, ಸಾಮಾನ್ಯವಾಗಿ ಮುಂದಿನ ಗಾಲಿಗೆ. ಇದರಿಂದ ಮುಂದಿನ ಗಾಲಿಯ ಭಯ ಹೋಯಿತು, ಹಿಂದಿನದು ಲಾಕಾಗಿ ಬಾಲ ಹೊಡೆಯುವುದು ಹಾಗೇ ಉಳಿಯಿತು. ಬಲಗಾಲನ್ನೇ ನಂಬಿ ಬೆಳೆದ ನಮ್ಮವರಿಗೆ ಅದರಿಂದ ಅರ್ಧ ಲಾಭ ಮಾತ್ರ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೆ: ಡ್ಯುಯಲ್ ಚಾನೆಲ್ ಇಲ್ಲದ ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕು, ಉಳಿದದ್ದರಲ್ಲಿ ನಿನಗೆ ಬೇಕಾದ ಬಣ್ಣ ಹುಡುಕು. ಪಟ್ಟಿ ಅರ್ಧಕ್ಕಿಳಿಯಿತು. ಇನ್ನೊಂದು ಮಾತನ್ನು ಅವನ ಅವ್ವ ಸೇರಿಸಿದಳು: "ಹಿಂದ ನಾ ಕೂಡೋ ಹಂಗಿರಲಿ." ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಗಿಳಿಗೂಡಿನಷ್ಟು ಎತ್ತರ, ಅಂಗೈಯಷ್ಟು ಅಗಲ. ಸೀರೆಯುಟ್ಟು ಅಲ್ಲಿ ಒಂದು ಕಡೆ ಕಾಲು ಬಿಟ್ಟು ಕೂರುವುದು ಸರ್ಕಸ್ಸು. ಪಟ್ಟಿ ಮತ್ತೆ ಅರ್ಧಕ್ಕಿಳಿಯಿತು.

ಎಬಿಎಸ್ ಇದ್ದರೆ ಬೀಳುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೆಲದಲ್ಲಿ ಹಿಡಿತವೇ ಇಲ್ಲದಿದ್ದರೆ ಯಾವ ಚಿಪ್ಪೂ ಅದನ್ನು ತಂದುಕೊಡುವುದಿಲ್ಲ. ಸಡಿಲ ಮಣ್ಣಿನ ಹೊಲದ ದಾರಿಯಲ್ಲಿ, ಗರಸಿನ ಮೇಲೆ, ಲಾಕಾದ ಗಾಲಿ ಮಣ್ಣನ್ನು ಮುಂದೆ ಒಟ್ಟುತ್ತಾ ನಿಲ್ಲುವುದುಂಟು. ಅಲ್ಲಿ ಎಬಿಎಸ್ ಗಾಡಿ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಹೊಟ್ಟು ಹರಡಿದ ರಸ್ತೆಗೆ ನಿಧಾನವಾಗಿ ಹೋಗುವುದೊಂದೇ ಮದ್ದು. ತಿರುವಿನಲ್ಲಿ ವಾಲಿದ ಗಾಡಿಗೆ ಬ್ರೇಕ್ ಹಾಕಿದರೆ ಸಾಮಾನ್ಯ ಎಬಿಎಸ್ ಕಾಪಾಡುತ್ತದೆಂಬ ಭರವಸೆ ಇಲ್ಲ. ವಾಲಿದ ಕೋನವನ್ನೂ ಲೆಕ್ಕ ಹಾಕುವ ವ್ಯವಸ್ಥೆಯನ್ನು ಬಾಷ್ 2013ರಲ್ಲಿ ಕೆಟಿಎಂ 1190 ಅಡ್ವೆಂಚರ್‌ಗೆ ತಂದಿತು. ನಮ್ಮ ನೆಟ್ಟಗಿನ ರಸ್ತೆಗೆ ಅಷ್ಟು ಖರ್ಚು ಮಾಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಸದಕ್ಕೆ ದುಡ್ಡು ಸಾಲದೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಅವರು ಕೂತು ನೋಡಬೇಕಾದ ಜಾಗ ಮುಂದಿನ ಗಾಲಿಯ ನಡುಭಾಗ. ಡಿಸ್ಕಿನ ಒಳಬದಿಗೆ ಬಳೆಯಂಥ ಸಣ್ಣ ಉಂಗುರ, ಅದರ ತುಂಬ ಒಂದೇ ಅಳತೆಯ ಕಿಂಡಿಗಳು. ಎದುರಿಗೆ ಬೆರಳಗಲದ ಒಂದು ಸೆನ್ಸರ್. ಕಿಂಡಿಗಳು ಸರಿದು ಹೋಗುವುದನ್ನು ಎಣಿಸಿಯೇ ಅದು ಗಾಲಿಯ ವೇಗ ತಿಳಿಯುತ್ತದೆ. ಆ ಸಂದಿಯಲ್ಲಿ ಎರೆಮಣ್ಣು ಮೆತ್ತಿ ಒಣಗಿ ಕಲ್ಲಾಗಿದ್ದರೆ ಅಥವಾ ಉಂಗುರ ಡೊಂಕಾಗಿದ್ದರೆ ಲೆಕ್ಕ ತಪ್ಪುತ್ತದೆ. ಕೀಲಿ ತಿರುವಿದಾಗ ಎಬಿಎಸ್ ದೀಪ ಹತ್ತಬೇಕು, ಗಾಡಿ ನಾಲ್ಕು ಹೆಜ್ಜೆ ಓಡಿದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ದೋಷ ಕಾಣಬಾರದೆಂದು ಯಾರೋ ದೀಪವನ್ನೇ ಕೊಂದಿರಬಹುದು. ಚಂದಕ್ಕೆಂದು ಹಿಂದಿನ ಗಾಲಿಗೆ ಅಳತೆ ಮೀರಿದ ದಪ್ಪ ಟೈರ್ ಹಾಕಿದ್ದರೆ ಬೇಡವೆನ್ನಿ. ಎರಡು ಗಾಲಿಗಳ ವೇಗವನ್ನು ಹೋಲಿಸಿ ನೋಡುವ ಯಂತ್ರಕ್ಕೆ ಅದು ಗೊಂದಲ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಗಾಡಿ ಮನೆಗೆ ಬಂದ ಮೇಲೆ ಪೂಜೆ ಮಾಡಿ, ಲಿಂಬೆಹಣ್ಣಿನ ಮೇಲೆ ಹಾಯಿಸಿ, ಆಮೇಲೆ ಹೆಲ್ಮೆಟ್ ಹಾಕಿಕೊಂಡು ಒಂದು ಖಾಲಿ ರಸ್ತೆಗೆ ಹೋಗಿ. 30ರ ವೇಗದಲ್ಲಿ ಶುರುಮಾಡಿ, ನೆಟ್ಟಗೆ ಹೋಗುತ್ತಾ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿಯಿರಿ. ಎಬಿಎಸ್ ಕೆಲಸ ಶುರು ಮಾಡಿದಾಗ ಲಿವರು ಬೆರಳಿನ ಕೆಳಗೆ ಟಕಟಕ ಹೊಡೆದುಕೊಳ್ಳುತ್ತದೆ. ಗಾಡಿ ಕೆಟ್ಟಿತೆಂದು ಗಾಬರಿಯಾಗಿ ಬಹಳ ಮಂದಿ ಆಗಲೇ ಕೈ ಬಿಡುತ್ತಾರೆ. ಬಿಡಬೇಡಿ, ಗಾಡಿ ಪೂರ್ತಿ ನಿಲ್ಲುವವರೆಗೂ ಹಿಡಿದೇ ಇರಿ. ನಾಳೆ ನಿಮ್ಮ ತಮ್ಮನಿಗೋ ಮಗಳಿಗೋ ಗಾಡಿ ಕಲಿಸುವಾಗ, ಆ ಗಾಡಿಗೆ ಎಬಿಎಸ್ ಇದ್ದರೆ, ಮುಂದಿನ ಬ್ರೇಕನ್ನೇ ಮೊದಲು ಕಲಿಸಿ.